ಯಾವುದರಲ್ಲಿ ಕಾಲು ಭಾಗ?

(ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಪಾಲಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಕೊಟ್ಟುಬಿಡುತ್ತೇನೆ, ಮಾತು ಆಮೇಲೆ.

ಅಜ್ಜಿ ತೋಟದಿಂದ ಒಂದು ಬಾಳೆಗೊನೆ ತರಿಸಿದರು. ಅದರಲ್ಲಿದ್ದ ಹಣ್ಣುಗಳಲ್ಲಿ ಮೂರನೇ ಒಂದು ಭಾಗವನ್ನು ದೇವಸ್ಥಾನಕ್ಕೆ ಕೊಟ್ಟರು. ಉಳಿದದ್ದರಲ್ಲಿ ಕಾಲು ಭಾಗವನ್ನು ಪಕ್ಕದ ಮನೆಗೆ ಕೊಟ್ಟರು. ಈಗ ಮನೆಯಲ್ಲಿ 36 ಹಣ್ಣು ಉಳಿದಿವೆ. ಗೊನೆಯಲ್ಲಿ ಒಟ್ಟು ಎಷ್ಟು ಹಣ್ಣಿದ್ದವು?

ಪೆನ್ನು ಇದ್ದವರು ಮಾಡಿಕೊಳ್ಳಿ. ಅಷ್ಟರಲ್ಲಿ ಐದನೇ ತರಗತಿಯ ಒಬ್ಬ ಹುಡುಗಿ ಇದನ್ನು ಹೇಗೆ ಮಾಡಿದಳು ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಮೂರು ಮತ್ತು ನಾಲ್ಕರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12 ಅಂತ ತೆಗೆದಳು. 1/3 ಅನ್ನು 4/12 ಮಾಡಿದಳು, 1/4 ಅನ್ನು 3/12 ಮಾಡಿದಳು. ಕೂಡಿದಳು, 7/12 ಬಂತು. ಒಂದರಲ್ಲಿ ಅದನ್ನು ಕಳೆದಳು, 5/12 ಉಳಿಯಿತು. ಅದನ್ನು 36ರಿಂದ ಗುಣಿಸಿದಳು. ಉತ್ತರ 15. ಅಡಿಯಲ್ಲಿ ಎರಡು ಗೆರೆ ಎಳೆದು ನೋಟ್‌ಬುಕ್ ತಂದು ತೋರಿಸಿದಳು.

ಕೂಡಿದ್ದು ಸರಿ, ಕಳೆದದ್ದು ಸರಿ, ಗುಣಿಸಿದ್ದೂ ಸರಿ. ಅಕ್ಷರ ಮುತ್ತಿನಂತಿದೆ. ಆದರೆ ಮನೆಯಲ್ಲಿ ಉಳಿದದ್ದೇ 36 ಹಣ್ಣು. ಇಡೀ ಗೊನೆಯಲ್ಲಿ 15 ಹಣ್ಣು ಇರುವುದು ಹೇಗೆ?

ಈ ಹುಡುಗಿಯ ನೋಟ್‌ಬುಕ್ ನೋಡಿ ನಾವು ಏನು ಹೇಳುತ್ತೇವೆ? 'ಭಿನ್ನರಾಶಿಯಲ್ಲಿ ವೀಕು, ಇನ್ನೊಂದಿಪ್ಪತ್ತು ಲೆಕ್ಕ ಮಾಡಿಸಿ' ಅನ್ನುತ್ತೇವೆ. ಮನೆಯಲ್ಲಿ ಅಮ್ಮ ಕೂರಿಸಿಕೊಂಡು ಇನ್ನೊಂದಿಪ್ಪತ್ತು ಸಂಕಲನ ಮಾಡಿಸುತ್ತಾರೆ. ಅವಳು ಇಪ್ಪತ್ತನ್ನೂ ಸರಿಯಾಗಿ ಮಾಡುತ್ತಾಳೆ. ಮುಂದಿನ ವಾರ ಇಂಥದ್ದೇ ಲೆಕ್ಕ ಕೊಟ್ಟರೆ ಮತ್ತೆ ಇದೇ ತಪ್ಪು. ಅವಳಿಗೆ ಸಂಕಲನ ಬರುತ್ತದೆ. ಜಾರಿದ್ದು ಬೇರೆ ಕಡೆ. 'ಕಾಲು ಭಾಗ' ಅಂತ ಓದಿದಾಗ, ಯಾವುದರಲ್ಲಿ ಕಾಲು ಅಂತ ಅವಳು ಕೇಳಿಕೊಳ್ಳಲಿಲ್ಲ. ಇಡೀ ಗೊನೆಯಲ್ಲಿ ಕಾಲು ಅಂದುಕೊಂಡಳು. ಕೊನೆಯಲ್ಲಿ 5/12 ಬಂದಾಗಲೂ ಅದು ಯಾವುದರ 5/12 ಅಂತ ಕೇಳಿಕೊಳ್ಳಲಿಲ್ಲ. ಕೈಗೆ ಸಿಕ್ಕಿದ 36ಕ್ಕೆ ಗುಣಿಸಿಬಿಟ್ಟಳು.

ಇವತ್ತು ನಾನು ಹೇಳಬೇಕೆಂದಿರುವುದು ಈ ಒಂದೇ ಪ್ರಶ್ನೆಯ ಬಗ್ಗೆ. ಭಿನ್ನರಾಶಿ ಇರಲಿ, ಅನುಪಾತ ಇರಲಿ, ವಾಕ್ಯರೂಪದ ಲೆಕ್ಕದಲ್ಲಿ ಮಗು ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕಾದ್ದು 'ಯಾವುದರಲ್ಲಿ?' ಅಂತ. ಆ ಪ್ರಶ್ನೆಯನ್ನು ಕಣ್ಣಿಗೆ ಕಾಣುವಂತೆ ಮಾಡುವ ಒಂದು ಸುಲಭ ದಾರಿಯೂ ಇದೆ. ಅದಕ್ಕೆ ಒಂದು ಪೆನ್ಸಿಲ್ ಸಾಕು.

ಈಗ ಅದೇ ಗೊನೆಯನ್ನು ಬೋರ್ಡಿನ ಮೇಲೆ ಒಂದು ಉದ್ದನೆಯ ಪಟ್ಟಿಯಾಗಿ ಬಿಡಿಸುತ್ತೇನೆ. ಇದು ಇಡೀ ಗೊನೆ. ಎಷ್ಟು ಹಣ್ಣು ಅಂತ ಗೊತ್ತಿಲ್ಲ, ಪರವಾಗಿಲ್ಲ. ಮೂರನೇ ಒಂದು ಭಾಗ ದೇವಸ್ಥಾನಕ್ಕೆ ಹೋಯಿತು. ಪಟ್ಟಿಯನ್ನು ಮೂರು ಸಮ ಮನೆ, ಅಂದರೆ ಚೌಕ, ಮಾಡಿ, ಒಂದು ಮನೆಗೆ ಗೀಟು ಹಾಕಿ 'ದೇವಸ್ಥಾನ' ಅಂತ ಬರೆಯುತ್ತೇನೆ. ಉಳಿದದ್ದು ಯಾವುದು? ಈ ಎರಡು ಮನೆ. ಮಕ್ಕಳ ಕೈಯಲ್ಲಿ ಅದರ ಮೇಲೆ ಬೆರಳಾಡಿಸಿ ತೋರಿಸೋದಕ್ಕೆ ಹೇಳಿ. ಕಾಲು ಭಾಗ ಅಂದದ್ದು ಇದರಲ್ಲಿ. ಎರಡು ಮನೆಯನ್ನು ನಾಲ್ಕು ಸಮ ಭಾಗ ಮಾಡೋದು ಹೇಗೆ? ಒಂದೊಂದು ಮನೆಯನ್ನೂ ನಡುವೆ ಸೀಳಿದರೆ ಆಯಿತು. ನಾಲ್ಕು ಚಿಕ್ಕ ಮನೆ ಬಂದವು. ಅದರಲ್ಲಿ ಒಂದು ಪಕ್ಕದ ಮನೆಯವರಿಗೆ ಹೋಯಿತು. ಮೂರು ಉಳಿದವು. ಆ ಮೂರು ಚಿಕ್ಕ ಮನೆಯಲ್ಲಿ 36 ಹಣ್ಣು. ಹಾಗಾದರೆ ಒಂದು ಚಿಕ್ಕ ಮನೆಗೆ 12. ಇಡೀ ಪಟ್ಟಿಯಲ್ಲಿ ಇಂಥ ಚಿಕ್ಕ ಮನೆ ಎಷ್ಟು? ದೇವಸ್ಥಾನದ ಮನೆಯನ್ನೂ ಸೀಳಿ ನೋಡಿದರೆ ಆರು. ಆರು ಹನ್ನೆರಡ್ಲ 72.

ತಾಳೆ ನೋಡೋಣ. 72ರಲ್ಲಿ 24 ದೇವಸ್ಥಾನಕ್ಕೆ. ಉಳಿದದ್ದು 48. ಅದರಲ್ಲಿ ಕಾಲು ಅಂದರೆ 12 ಪಕ್ಕದ ಮನೆಗೆ. ಉಳಿದದ್ದು 36. ಸರಿ ಬಂತು.

ಗಮನಿಸಿ, ನಾವು ಲ.ಸಾ.ಅ. ತೆಗೆಯಲಿಲ್ಲ. ಭಿನ್ನರಾಶಿ ಗುಣಾಕಾರವನ್ನೂ ಮಾಡಲಿಲ್ಲ. ಮೂರರ ಮಗ್ಗಿ, ಆರರ ಮಗ್ಗಿ ಗೊತ್ತಿದ್ದ ನಾಲ್ಕನೇ ತರಗತಿಯ ಮಗು ಕೂಡ ಇದನ್ನು ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಚಿತ್ರ ಬಿಡಿಸಿದ ಮಗು 15 ಅಂತ ಉತ್ತರ ಬರೆಯೋದು ಸಾಧ್ಯವೇ ಇಲ್ಲ. ಉಳಿದ 36 ಹಣ್ಣು ಪಟ್ಟಿಯ ಒಂದು ತುಂಡಿನಲ್ಲಿ ಕೂತಿರೋದು ಅದರ ಕಣ್ಣ ಮುಂದೆಯೇ ಇರುತ್ತದೆ.

ಸಿಂಗಪುರದ ಶಾಲೆಗಳು 1980ರ ದಶಕದಲ್ಲಿ ಈ ಪಟ್ಟಿಯ ವಿಧಾನವನ್ನು ತಮ್ಮ ಪ್ರಾಥಮಿಕ ಗಣಿತದ ಪಠ್ಯಕ್ಕೆ ತಂದವು. ಅಲ್ಲಿನ ಮಕ್ಕಳೂ ವಾಕ್ಯರೂಪದ ಲೆಕ್ಕ ಅಂದರೆ ಹೆದರುತ್ತಿದ್ದರು. ಆ ಪಠ್ಯದ ಹಿಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಒಂದು ಮಾತಿದೆ. ಮಗು ಮೊದಲು ಕೈಯಲ್ಲಿ ಮಾಡಿ ತಿಳಿಯುತ್ತದೆ, ಆಮೇಲೆ ಚಿತ್ರದಲ್ಲಿ, ಕೊನೆಗೆ ಚಿಹ್ನೆಯಲ್ಲಿ. ನಾವು ಬಹಳ ಸಲ ಮೊದಲ ಎರಡನ್ನೂ ಹಾರಿ ನೇರವಾಗಿ ಮೂರನೆಯದಕ್ಕೆ ಬಂದುಬಿಡುತ್ತೇವೆ. ಸಿಲಬಸ್ ಮುಗಿಸೋ ಅವಸರ, ಏನು ಮಾಡೋದು ಅನ್ನುತ್ತೀರಿ. ಆ ಕಷ್ಟ ನನಗೂ ಗೊತ್ತು. ಆದರೆ ಅವಸರದಲ್ಲಿ ಮುಗಿಸಿದ ಭಿನ್ನರಾಶಿಯನ್ನು ಆರರಲ್ಲಿ ಒಮ್ಮೆ, ಏಳರಲ್ಲಿ ಒಮ್ಮೆ, ಹೈಸ್ಕೂಲಿನಲ್ಲಿ ಒಮ್ಮೆ ಮತ್ತೆ ಮತ್ತೆ ಕಲಿಸುತ್ತಿದ್ದೇವಲ್ಲ, ಆ ಸಮಯ ಎಲ್ಲಿಂದ ಬರುತ್ತದೆ?

ಕೈಯಲ್ಲಿ ಮಾಡೋದಕ್ಕೆ ದುಬಾರಿ ಸಾಮಾನು ಬೇಡ. ಹಳೇ ಪೇಪರನ್ನು ಒಂದೇ ಉದ್ದದ ಪಟ್ಟಿಗಳಾಗಿ ಕತ್ತರಿಸಿ ಕೊಡಿ. ಒಂದನ್ನು ಎರಡಾಗಿ ಮಡಿಸಲಿ, ಇನ್ನೊಂದನ್ನು ನಾಲ್ಕಾಗಿ, ಇನ್ನೊಂದನ್ನು ಎಂಟಾಗಿ. ಮೂರಾಗಿ ಮಡಿಸೋದು ಮಕ್ಕಳಿಗೆ ಕಷ್ಟ. ಆ ಕಷ್ಟವನ್ನು ಅವರು ಪಡಲಿ, ಸಮ ಭಾಗ ಅಂದರೆ ಏನು ಅಂತ ಬೆರಳಿಗೆ ಗೊತ್ತಾಗೋದು ಅಲ್ಲೇ. 1/3 ದೊಡ್ಡದೋ 1/4 ದೊಡ್ಡದೋ ಅಂತ ಕೇಳಿದರೆ 'ನಾಲ್ಕು ದೊಡ್ಡದು, ಅದಕ್ಕೇ 1/4' ಅನ್ನುವ ಮಗು, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ತಾನೇ ತಿದ್ದಿಕೊಳ್ಳುತ್ತದೆ. ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದಲ್ಲಿ ಬಂದ ಕಿಟ್‌ನಲ್ಲಿ ಭಿನ್ನರಾಶಿಯ ಸಾಮಗ್ರಿಗಳಿವೆ. ದಯವಿಟ್ಟು ಅವನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಕಳೆದುಹೋಗುತ್ತದೆ ಅಂತ ಬೀಗ ಹಾಕಿಟ್ಟ ಕಿಟ್ ಯಾವ ಮಗುವಿಗೂ ಲೆಕ್ಕ ಕಲಿಸುವುದಿಲ್ಲ.

ಇನ್ನು ನಾವೇ ಮಕ್ಕಳಿಗೆ ಹೇಳಿಕೊಡುವ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. 'ಒಟ್ಟು ಅಂತ ಬಂದರೆ ಕೂಡು, ಉಳಿದದ್ದು ಅಂತ ಬಂದರೆ ಕಳೆ, ತಲಾ ಅಂತ ಬಂದರೆ ಭಾಗಿಸು.' ಎಷ್ಟೋ ಗೈಡುಗಳಲ್ಲಿ ಇದನ್ನು ಚೌಕಟ್ಟು ಹಾಕಿ ಅಚ್ಚು ಮಾಡಿರುತ್ತಾರೆ. ಒಂದನೇ ಎರಡನೇ ತರಗತಿಯಲ್ಲಿ ಇದು ಕೆಲಸ ಮಾಡುತ್ತದೆ. ಆಮೇಲೆ ಇದರಷ್ಟು ಕೆಡಕು ಇನ್ನೊಂದಿಲ್ಲ. ನಮ್ಮ ಬಾಳೆಗೊನೆಯ ಲೆಕ್ಕದಲ್ಲಿ 'ಉಳಿದದ್ದು' ಎರಡು ಸಲ ಬಂತು, 'ಒಟ್ಟು' ಒಂದು ಸಲ ಬಂತು. ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಒಂದು ಭಾಗಾಕಾರ, ಒಂದು ಗುಣಾಕಾರ, ಅಷ್ಟೇ.

ಪದ ಹುಡುಕಿ ಲೆಕ್ಕ ಮಾಡುವ ಮಗು ಅರ್ಥ ಬಿಟ್ಟು ಸಂಖ್ಯೆಯ ಹಿಂದೆ ಹೋಗುತ್ತದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸುಮಾರು 1980ರಲ್ಲಿ ಗಣಿತ ಶಿಕ್ಷಣದ ಸಂಶೋಧಕರು ಚಿಕ್ಕ ತರಗತಿಯ 97 ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟರು. 'ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು?' 97ರಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಮಾಡಿ ಒಂದು ಉತ್ತರ ಬರೆದರು. ಆ ಮಕ್ಕಳು ದಡ್ಡರೇನಲ್ಲ. ಮೇಷ್ಟ್ರು ಲೆಕ್ಕ ಕೊಟ್ಟರೆ ಅದಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಬೇಕು ಅನ್ನೋದನ್ನು ಶಾಲೆಯೇ ಅವರಿಗೆ ಕಲಿಸಿತ್ತು. ನಿಮ್ಮ ತರಗತಿಯಲ್ಲೂ ಇದನ್ನು ಕೇಳಿ ನೋಡಿ. ಆಮೇಲೆ ವಾರಕ್ಕೊಂದು ಸಲ ಉತ್ತರ ಇಲ್ಲದ ಲೆಕ್ಕ, ಬೇಡದ ಸಂಖ್ಯೆ ಇರುವ ಲೆಕ್ಕ ಕೊಡುವ ರೂಢಿ ಮಾಡಿ. 'ಸಾರ್, ಇದಕ್ಕೆ ಉತ್ತರ ಇಲ್ಲ' ಅಂತ ಮಗು ಧೈರ್ಯವಾಗಿ ಹೇಳುವ ದಿನ ಬರಬೇಕು.

ಸಂಖ್ಯೆಯೇ ಇಲ್ಲದ ಲೆಕ್ಕ ಓದಿಸೋದು ಇನ್ನೊಂದು ಒಳ್ಳೆ ಉಪಾಯ. 'ಅಜ್ಜಿ ಗೊನೆಯಲ್ಲಿ ಸ್ವಲ್ಪ ದೇವಸ್ಥಾನಕ್ಕೆ ಕೊಟ್ಟರು. ಉಳಿದದ್ದರಲ್ಲಿ ಸ್ವಲ್ಪ ಪಕ್ಕದ ಮನೆಗೆ ಕೊಟ್ಟರು. ಸ್ವಲ್ಪ ಉಳಿಯಿತು.' ಈಗ ಮಗುವಿಗೆ ಗುಣಿಸೋದಕ್ಕೆ ಏನೂ ಇಲ್ಲ, ಕಥೆ ಕೇಳಲೇಬೇಕು. ಯಾವುದು ಇಡೀ, ಯಾವುದು ಅದರ ಭಾಗ, ಏನು ಮೊದಲು ಆಯಿತು, ಏನು ಆಮೇಲೆ ಆಯಿತು ಅಂತ ಬಾಯಲ್ಲಿ ಹೇಳಿಸಿ. ಪಟ್ಟಿ ಬಿಡಿಸಲಿ. ಕೊನೆಗೆ ಸಂಖ್ಯೆ ಕೊಡಿ.

ಈಗ ಅನುಪಾತಕ್ಕೆ ಬರೋಣ. ಇಲ್ಲಿ 'ಯಾವುದರಲ್ಲಿ?' ಅನ್ನುವ ಪ್ರಶ್ನೆ ಇನ್ನೂ ಬಿಗಿಯಾಗಿ ಬೇಕು.

ಇಲ್ಲಿ ಕೂತಿರುವ ಎಷ್ಟೋ ಮನೆಗಳಲ್ಲಿ ಇಡ್ಲಿಗೆ ಒಂದು ಲೋಟ ಉದ್ದಿಗೆ ಮೂರು ಲೋಟ ಅಕ್ಕಿ ನೆನೆಹಾಕುತ್ತಾರೆ. ಕೆಲವರು ಎರಡು ಹಾಕಬಹುದು, ಕೆಲವರು ನಾಲ್ಕು. ನಾನು ಮೂರು ಇಟ್ಟುಕೊಳ್ಳುತ್ತೇನೆ. ಉದ್ದು ಮತ್ತು ಅಕ್ಕಿಯ ಅನುಪಾತ 1:3. ಇಷ್ಟು ಹೇಳಿ ಆರನೇ ತರಗತಿಯಲ್ಲಿ ಕೇಳಿ: ನೆನೆಹಾಕಿದ್ದರಲ್ಲಿ ಉದ್ದು ಎಷ್ಟನೇ ಭಾಗ? ಅರ್ಧಕ್ಕಿಂತ ಜಾಸ್ತಿ ಕೈಗಳು 'ಮೂರನೇ ಒಂದು' ಅಂತ ಮೇಲೇಳುತ್ತವೆ. ಒಂದು, ಮೂರು ಅಂತ ಎರಡು ಸಂಖ್ಯೆ ಕಂಡವು, 1:3 ಅನ್ನು 1/3 ಅಂತ ಓದಿದರು. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ಉದ್ದು ಅಕ್ಕಿಯ ಮೂರನೇ ಒಂದು ಭಾಗ. ಆದರೆ ಪಾತ್ರೆಯಲ್ಲಿರುವ ಒಟ್ಟು ಕಾಳಿನಲ್ಲಿ ಅದು ನಾಲ್ಕನೇ ಒಂದು ಭಾಗ. ಎರಡೂ ಸರಿ, ಯಾವುದರಲ್ಲಿ ಅನ್ನೋದು ಬೇರೆ ಬೇರೆ.

ಪಟ್ಟಿಯಲ್ಲಿ ಇದು ಒಂದು ನಿಮಿಷದ ಕೆಲಸ. ಉದ್ದಿಗೆ ಒಂದು ಮನೆ. ಅದರ ಕೆಳಗೆ ಅಕ್ಕಿಗೆ ಅಷ್ಟೇ ಅಗಲದ ಮೂರು ಮನೆ. ಎಲ್ಲ ಮನೆಯೂ ಒಂದೇ ಅಳತೆ, ಇದೊಂದು ನಿಯಮ ತಪ್ಪಬಾರದು. ಮದುವೆ ಮನೆಗೆ ಒಟ್ಟು 12 ಸೇರು ನೆನೆಹಾಕಬೇಕು, ಯಾವುದು ಎಷ್ಟು? ಮನೆ ಒಟ್ಟು ನಾಲ್ಕು, ನಾಲ್ಕಕ್ಕೆ 12, ಒಂದಕ್ಕೆ 3. ಉದ್ದು 3 ಸೇರು, ಅಕ್ಕಿ 9 ಸೇರು. ಪ್ರಶ್ನೆಯನ್ನು ತಿರುಗಿಸಿ: ಅಕ್ಕಿ 12 ಸೇರು ಇದೆ, ಉದ್ದು ಎಷ್ಟು ಬೇಕು? ಈಗ 12 ಬರೆಯಬೇಕಾದ್ದು ಅಕ್ಕಿಯ ಮೂರು ಮನೆಗೆ ಮಾತ್ರ. ಒಂದು ಮನೆಗೆ 4. ಅದೇ 12, ಅದೇ 1:3, ಉತ್ತರ ಬೇರೆ. ಈ ಎರಡು ಪ್ರಶ್ನೆಗಳನ್ನು ಯಾವಾಗಲೂ ಜೊತೆಯಾಗಿ ಕೊಡಿ. ಒಂದನ್ನು ಮಾತ್ರ ಕೊಟ್ಟರೆ ಮಕ್ಕಳು ವಿಧಾನವನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ 12 ಅನ್ನು ಎಲ್ಲಿ ಬರೆಯಬೇಕು ಅಂತ ಯೋಚಿಸಲೇಬೇಕಾಗುತ್ತದೆ.

ಮೂರನೆಯದು, ವ್ಯತ್ಯಾಸ ಕೊಡೋದು. ತರಗತಿಯಲ್ಲಿ ಹುಡುಗರು ಮತ್ತು ಹುಡುಗಿಯರ ಅನುಪಾತ 4:5. ಹುಡುಗಿಯರು 6 ಜನ ಜಾಸ್ತಿ. ಒಟ್ಟು ಮಕ್ಕಳೆಷ್ಟು? ಮೇಲೆ ನಾಲ್ಕು ಮನೆ, ಕೆಳಗೆ ಐದು ಮನೆ. ಹೊರಗೆ ಚಾಚಿಕೊಂಡ ಒಂದೇ ಮನೆ 6 ಜನ. ಒಂಬತ್ತು ಮನೆ, 54 ಮಕ್ಕಳು. ಸೂತ್ರದಲ್ಲಿ ಹೇಳಿಕೊಡಲು ಹೊರಟರೆ ಅರ್ಧ ಪೀರಿಯಡ್ ಬೇಕು.

ಅನುಪಾತ ಮಕ್ಕಳಿಗೆ ಹೊಸದು ಅಂತ ತಿಳಿಯಬೇಡಿ. ಗಾರೆ ಕೆಲಸದವರ ಮನೆಯ ಮಗುವಿಗೆ ಒಂದು ಬಾಂಡ್ಲಿ ಸಿಮೆಂಟಿಗೆ ಎರಡು ಬಾಂಡ್ಲಿ ಮರಳು, ನಾಲ್ಕು ಬಾಂಡ್ಲಿ ಜಲ್ಲಿ ಅನ್ನೋದು ಗೊತ್ತಿರುತ್ತದೆ. 1:2:4. ಅದೇ ಮಗುವಿಗೆ ತರಗತಿಯಲ್ಲಿ 'ಎ, ಬಿ, ಸಿ ಇವರ ಹಣದ ಅನುಪಾತ 1:2:4' ಅಂದರೆ ಮುಖ ಬಾಡುತ್ತದೆ. 28 ಬಾಂಡ್ಲಿ ಕಾಂಕ್ರೀಟ್ ಸಾಮಾನು ಅಂತ ಕೇಳಿ, ಸಿಮೆಂಟ್ 4, ಮರಳು 8, ಜಲ್ಲಿ 16 ಅಂತ ಆ ಮಗುವೇ ಉತ್ತರ ಕೊಡುತ್ತದೆ. ನಿಮ್ಮ ಊರಿನ ಮಕ್ಕಳ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಅನ್ನೋದರ ಮೇಲೆ ಲೆಕ್ಕ ಕಟ್ಟಿ. ರೇಷ್ಮೆ ಊರಿಗೆ ರೇಷ್ಮೆ, ಅಡಿಕೆ ಊರಿಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಪಠ್ಯಪುಸ್ತಕ ಇಡೀ ರಾಜ್ಯಕ್ಕೆ ಒಂದೇ ಇರಬೇಕಾಗುತ್ತದೆ, ಬೋರ್ಡಿನ ಮೇಲೆ ಬರೆಯುವ ಲೆಕ್ಕ ನಿಮ್ಮ ಊರಿನದೇ ಇರಬಹುದು.

ಅನುಪಾತದಲ್ಲಿ ಇನ್ನೊಂದು ತೊಡಕಿದೆ. ಅದರ ಮುಂದೆ ಪಟ್ಟಿಯೂ ಒಮ್ಮೊಮ್ಮೆ ಸಾಕಾಗುವುದಿಲ್ಲ. ಮಕ್ಕಳು ಗುಣಿಸಬೇಕಾದ ಕಡೆ ಕೂಡುತ್ತಾರೆ.

ಒಂದು ತರಗತಿಯಲ್ಲಿ ನಾವು ಎರಡು ಜಗ್ಗಿನಲ್ಲಿ ನಿಂಬೆ ಪಾನಕ ಮಾಡಿದೆವು. ಮೊದಲ ಜಗ್ಗಿಗೆ ಮೂರು ಲೋಟ ನೀರು, ಎರಡು ಚಮಚ ಸಕ್ಕರೆ. ಎರಡನೆಯದಕ್ಕೆ ನಾಲ್ಕು ಲೋಟ ನೀರು, ಮೂರು ಚಮಚ ಸಕ್ಕರೆ. ಯಾವುದು ಸಿಹಿ ಜಾಸ್ತಿ? ಹೆಚ್ಚಿನವರು 'ಎರಡೂ ಒಂದೇ' ಅಂದರು. ಯಾಕೆ? 'ಎರಡರಲ್ಲೂ ನೀರು ಒಂದೇ ಜಾಸ್ತಿ ಅಲ್ವಾ ಸಾರ್.' ಅವರ ತರ್ಕ ನೋಡಿ, ಅದರಲ್ಲಿ ಒಂದು ಕ್ರಮ ಇದೆ. ಅದನ್ನು ತಪ್ಪು ಅಂತ ಹೇಳಿ ಮುಚ್ಚಿಹಾಕಬಾರದು. ನಾನು ಕೇಳಿದೆ, 'ಹಾಗಾದರೆ ಎರಡು ಲೋಟ ನೀರಿಗೆ ಒಂದು ಚಮಚ ಹಾಕಿದ್ದೂ, ಹನ್ನೊಂದು ಲೋಟಕ್ಕೆ ಹತ್ತು ಚಮಚ ಹಾಕಿದ್ದೂ ಒಂದೇ ಸಿಹೀನಾ? ಅಲ್ಲೂ ನೀರು ಒಂದೇ ಜಾಸ್ತಿ.' ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು, 'ಇಲ್ಲ ಸಾರ್, ಮೊದಲನೇದರಲ್ಲಿ ಲೋಟಕ್ಕೆ ಅರ್ಧ ಚಮಚಾನೇ ಬರೋದು. ಎರಡನೇದರಲ್ಲಿ ಹೆಚ್ಚೂಕಮ್ಮಿ ಒಂದು ಚಮಚ ಬರುತ್ತೆ' ಅಂದ. ಲೋಟಕ್ಕೆ ಎಷ್ಟು! ಅವನು ಸರಿಯಾದ ಪ್ರಶ್ನೆಯನ್ನು ತಾನೇ ಹುಡುಕಿಕೊಂಡಿದ್ದ.

ಆಮೇಲೆ ನಮ್ಮ ಎರಡು ಜಗ್ಗಿಗೆ ಹಿಂದಿರುಗಿ ಎರಡು ಸಾಲಿನ ಕೋಷ್ಟಕ ಬರೆದೆವು. ಮೊದಲ ಜಗ್ಗಿನಂತೆಯೇ ಮಾಡುತ್ತಾ ಹೋದರೆ 3 ಲೋಟಕ್ಕೆ 2 ಚಮಚ, 6ಕ್ಕೆ 4, 9ಕ್ಕೆ 6, 12ಕ್ಕೆ 8. ಎರಡನೆಯದರಂತೆ ಮಾಡಿದರೆ 4ಕ್ಕೆ 3, 8ಕ್ಕೆ 6, 12ಕ್ಕೆ 9. ಹನ್ನೆರಡು ಲೋಟ ನೀರಿಗೆ ಒಂದರಲ್ಲಿ 8, ಒಂದರಲ್ಲಿ 9. ಎರಡನೇ ಜಗ್ಗು ಸಿಹಿ ಜಾಸ್ತಿ. ಇದನ್ನೇ ಭಿನ್ನರಾಶಿಯಲ್ಲಿ 2/3 ಮತ್ತು 3/4, ಛೇದ ಸಮ ಮಾಡಿದರೆ 8/12 ಮತ್ತು 9/12 ಅಂತ ಬರೆಯುತ್ತೇವೆ. ಛೇದವನ್ನು ಯಾಕೆ ಸಮ ಮಾಡಬೇಕು ಅಂತ ಎಷ್ಟೋ ಮಕ್ಕಳು ಕೇಳಿರುವುದಿಲ್ಲ. ನೀರು ಸಮ ಇಲ್ಲದೆ ಸಿಹಿ ಹೋಲಿಸೋದು ಹೇಗೆ ಅಂತ ಅವತ್ತು ಅವರಿಗೆ ಗೊತ್ತಾಯಿತು. ಪಾನಕ ಕುಡಿದದ್ದಂತೂ ಇದ್ದೇ ಇದೆ.

ಈ ಕೂಡುವ ಅಭ್ಯಾಸ ನಮ್ಮ ಮಕ್ಕಳದ್ದು ಮಾತ್ರ ಅಲ್ಲ. 1970ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿದ್ದ ಭೌತವಿಜ್ಞಾನಿ ರಾಬರ್ಟ್ ಕಾರ್ಪ್ಲಸ್ ಮಕ್ಕಳಿಗೆ ಒಬ್ಬ ಕುಳ್ಳ, ಒಬ್ಬ ಉದ್ದನೆಯವನ ಚಿತ್ರ ಕೊಟ್ಟು ಪರೀಕ್ಷೆ ಮಾಡಿದರು. ಗುಂಡಿಯಲ್ಲಿ ಅಳೆದರೆ ಕುಳ್ಳ 4, ಉದ್ದನೆಯವನು 6. ಪೇಪರ್ ಕ್ಲಿಪ್ಪಿನಲ್ಲಿ ಅಳೆದರೆ ಕುಳ್ಳ 6. ಉದ್ದನೆಯವನು ಎಷ್ಟು ಕ್ಲಿಪ್ಪು? 9 ಆಗಬೇಕು. ಎಷ್ಟೋ ಮಕ್ಕಳು 8 ಅಂದರು, ಎರಡು ಜಾಸ್ತಿ ಅಂತ. ಇದು ಬೆಳೆಯುವ ಮಕ್ಕಳೆಲ್ಲ ದಾಟಬೇಕಾದ ಒಂದು ಹಂತ. ಬೈದರೆ ದಾಟುವುದಿಲ್ಲ. ಕೋಷ್ಟಕ ಬರೆಸಿ, ಸಂಖ್ಯೆಯನ್ನು ಅತಿ ಮಾಡಿ ತೋರಿಸಿ, ಆಗ ದಾಟುತ್ತದೆ.

ಉಲ್ಟಾ ತಪ್ಪೂ ಇದೆ. ಏಕಮಾನ ಪದ್ಧತಿ, ಅಂದರೆ ಮೊದಲು ಒಂದಕ್ಕೆ ಎಷ್ಟು ಅಂತ ಕಂಡುಹಿಡಿಯೋದು, ಕಲಿಸಿದ ವಾರ ಮಕ್ಕಳು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. 5 ಪುಸ್ತಕಕ್ಕೆ 75 ರೂಪಾಯಿ, 8ಕ್ಕೆ ಎಷ್ಟು? ಒಂದಕ್ಕೆ 15, ಎಂಟಕ್ಕೆ 120, ಸರಿ. ತಂತಿಯ ಮೇಲೆ ಹಾಕಿದ ಒಂದು ಅಂಗಿ ಒಣಗೋದಕ್ಕೆ 2 ಗಂಟೆ, 5 ಅಂಗಿ ಒಣಗೋದಕ್ಕೆ ಎಷ್ಟು? 10 ಗಂಟೆ ಅನ್ನುತ್ತಾರೆ. ಈ ಎರಡನ್ನೂ ಒಂದೇ ದಿನ ಕೊಡಿ.

ಅಂದಾಜು ಮಾಡೋದರ ಬಗ್ಗೆ ಎರಡು ಮಾತು. ಅಮೆರಿಕದ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ 1978ರಲ್ಲಿ ಒಂದು ಪ್ರಶ್ನೆ ಇತ್ತು. 12/13 ಮತ್ತು 7/8 ಕೂಡಿದರೆ ಹೆಚ್ಚೂಕಮ್ಮಿ ಎಷ್ಟು? 1, 2, 19, 21. ಲೆಕ್ಕ ಮಾಡಬೇಕಿಲ್ಲ, ಅಂದಾಜು ಸಾಕು. 13 ವರ್ಷದ ಮಕ್ಕಳಲ್ಲಿ ಸುಮಾರು ಕಾಲು ಭಾಗ ಮಾತ್ರ 2 ಅಂತ ಆರಿಸಿದರು. ಉಳಿದವರಲ್ಲಿ ಎಷ್ಟೋ ಜನ ಅಂಶ ಕೂಡಿ 19 ಅಂದರು, ಛೇದ ಕೂಡಿ 21 ಅಂದರು. ಆ ಎರಡು ಭಿನ್ನರಾಶಿಗಳೂ ಒಂದಕ್ಕಿಂತ ಚೂರೇ ಕಮ್ಮಿ, ಕೂಡಿದರೆ ಎರಡರ ಹತ್ತಿರ ಬರಬೇಕು ಅಂತ ಹೊಳೆಯಲಿಲ್ಲ. ನಮ್ಮ ಮಕ್ಕಳಿಗೆ ಈ ಅಂದಾಜು ಕಲಿಸೋದು ಸುಲಭ, ಅಂಗಡಿಗೆ ಹೋಗುವ ಮಗುವಿಗೆ ಕಾಲು ಕೆಜಿ, ಅರ್ಧ ಲೀಟರ್, ಮುಕ್ಕಾಲು, ಒಂದೂವರೆ ಎಲ್ಲ ಬಾಯಲ್ಲೇ ಇರುತ್ತದೆ. ಲೆಕ್ಕ ಶುರು ಮಾಡುವ ಮೊದಲು 'ಉತ್ತರ 36ಕ್ಕಿಂತ ಜಾಸ್ತಿ ಬರುತ್ತಾ, ಕಮ್ಮಿ ಬರುತ್ತಾ?' ಅಂತ ಕೇಳಿಬಿಡಿ. ಅಷ್ಟು ಕೇಳಿದ್ದರೆ ಆ ಹುಡುಗಿಯ 15 ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇಂಥ ಲೆಕ್ಕಗಳು ಎಲ್ಲೋ ಹೊರಗಿನಿಂದ ಬಂದವು ಅಂತಲೂ ಅಂದುಕೊಳ್ಳಬೇಡಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತ ಗ್ರಂಥದಲ್ಲಿ ಭಿನ್ನರಾಶಿಗೇ ಒಂದು ಅಧ್ಯಾಯ ಇದೆ, ತುಂಬ ಲೆಕ್ಕಗಳು ಕಥೆಯ ರೂಪದಲ್ಲಿವೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ದುಂಬಿಗಳ ಒಂದು ಲೆಕ್ಕ ಬರುತ್ತದೆ. ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಭಾಗ ಒಂದು ಹೂವಿಗೆ ಹೋಯಿತು, ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ. ಈ ಎರಡರ ವ್ಯತ್ಯಾಸದ ಮೂರು ಪಟ್ಟು ಮತ್ತೊಂದು ಹೂವಿಗೆ. ಒಂದೇ ಒಂದು ದುಂಬಿ ಗಾಳಿಯಲ್ಲಿ ಸುತ್ತುತ್ತಾ ಉಳಿಯಿತು. ಒಟ್ಟು ಎಷ್ಟು ದುಂಬಿ?

ಇದನ್ನೂ ಪಟ್ಟಿಯಲ್ಲಿ ಮಾಡೋಣ. ಐದರಲ್ಲೂ ಭಾಗ ಆಗಬೇಕು, ಮೂರರಲ್ಲೂ ಆಗಬೇಕು. ಹಾಗಾದರೆ ಹದಿನೈದು ಮನೆ ಮಾಡೋಣ. ಐದನೇ ಒಂದು ಅಂದರೆ 3 ಮನೆ. ಮೂರನೇ ಒಂದು ಅಂದರೆ 5 ಮನೆ. ವ್ಯತ್ಯಾಸ 2 ಮನೆ, ಅದರ ಮೂರು ಪಟ್ಟು 6 ಮನೆ. 3, 5, 6 ಕೂಡಿದರೆ 14. ಉಳಿದದ್ದು ಒಂದು ಮನೆ. ಅದರಲ್ಲಿ ಒಂದು ದುಂಬಿ. ಒಟ್ಟು 15. ಆರನೇ ತರಗತಿಯ ಮಕ್ಕಳು ಇದನ್ನು ಬಿಡಿಸಿ, ಕೊನೆಯ ಮನೆಯಲ್ಲಿ ಪುಟ್ಟ ದುಂಬಿಯ ಚಿತ್ರವನ್ನೂ ಬರೆಯುತ್ತಾರೆ. ಬರೆಯಲಿ ಬಿಡಿ. ಲ.ಸಾ.ಅ. ಯಾಕೆ ಬೇಕು ಅನ್ನೋದು ಈ ಒಂದು ಲೆಕ್ಕದಲ್ಲಿ ಕಂಡಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಪಾಲಕರಿಗೆ ಒಂದು ವಿನಂತಿ. ಮನೆಯಲ್ಲಿ ಮಗು ಲೆಕ್ಕ ತಂದು ಕೇಳಿದಾಗ ಪೆನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ನಿಮಗೆ ಓರೆ ಗುಣಾಕಾರ ಗೊತ್ತಿರಬಹುದು, ಮಗುವಿಗೆ ಅದು ಮಂತ್ರ ಅನಿಸುತ್ತದೆ. ಶಾಲೆಗೆ ಹೋಗದ ತಾಯಂದಿರು 'ನಮಗೆ ಬರಲ್ಲ' ಅಂತ ಹಿಂದೆ ಸರಿಯುತ್ತಾರೆ. ಅಮ್ಮಾ, ನೀವು ಲೆಕ್ಕ ಹೇಳಿಕೊಡಬೇಕಿಲ್ಲ. 'ನನಗೆ ಕಥೆ ಥರ ಹೇಳು ಪುಟ್ಟಾ' ಅನ್ನಿ. ಹೇಳುವಾಗ ಎಲ್ಲಿ ಕಾಲು, ಅರ್ಧ ಅಂತ ಬರುತ್ತೋ ಅಲ್ಲಿ ನಿಲ್ಲಿಸಿ, 'ಯಾವುದರಲ್ಲಿ ಅರ್ಧ?' ಅಂತ ಕೇಳಿ. ಇಷ್ಟು ಸಾಕು. ಓದು ಬರಹ ಬಾರದ ಅಜ್ಜಿ ಕೂಡ ಕೇಳಬಹುದಾದ ಪ್ರಶ್ನೆ ಇದು. ಮನೆ ಆಸ್ತಿಯ ಪಾಲು ಪಾರೀಕತ್ತು ನೋಡಿದ ಅಜ್ಜಿ ಇದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿಯೇ ಕೇಳುತ್ತಾಳೆ.

ಉಪನ್ಯಾಸ ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಶಿಕ್ಷಕಿ ಕೇಳಿದರು: ಪರೀಕ್ಷೆಯಲ್ಲಿ ಪಟ್ಟಿ ಬಿಡಿಸಿದರೆ ಅಂಕ ಕೊಡುತ್ತಾರಾ? ಪಟ್ಟಿ ಒಂದೇ ಬಿಡಿಸಿ ಉತ್ತರ ಬರೆದರೆ ಮೌಲ್ಯಮಾಪನ ಮಾಡುವವರಿಗೆ ದಾರಿ ಕಾಣದೆ ಹೋಗಬಹುದು. ಅದಕ್ಕೇ ಪಟ್ಟಿಯ ಪಕ್ಕದಲ್ಲಿ ಹೆಜ್ಜೆ ಬರೆಯುವ ರೂಢಿ ಮಾಡಿಸಿ. '3 ಭಾಗ = 36, 1 ಭಾಗ = 12, 6 ಭಾಗ = 72.' ಮೂರು ಸಾಲು. ಇದು ಏಕಮಾನ ಪದ್ಧತಿಯೇ, ಯಾರೂ ಅಂಕ ಕಳೆಯೋದಕ್ಕೆ ಆಗುವುದಿಲ್ಲ. ಶಿಕ್ಷಕರು ಮೌಲ್ಯಮಾಪನಕ್ಕೆ ಕೂತಾಗ ಇನ್ನೊಬ್ಬರ ಶಾಲೆಯ ಮಗು ಬಿಡಿಸಿದ ಪಟ್ಟಿಗೂ ಬೆಲೆ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಬ್ಬರು ಕೇಳಿದರು: ಎಷ್ಟು ದಿನ ಪಟ್ಟಿ ಬಿಡಿಸುತ್ತಾ ಇರೋದು? ಏಳನೇ ತರಗತಿಗೆ ಬಂದ ಮೇಲೂ ಬೇಕಾ?

ಬಿಡಿಸಬೇಡಿ ಅಂತ ನಾವು ಹೇಳಬೇಕಾಗಿಲ್ಲ. ಬೋರ್ಡಿನ ಮೇಲೆ ಒಂದು ಕೊನೆಯ ಲೆಕ್ಕ ಬರೆದೆ. ಅಕ್ಕ ತಂಗಿಯ ಬಳಿ ಇರುವ ದುಡ್ಡಿನ ಅನುಪಾತ 5:3. ಅಕ್ಕ ತಂಗಿಗೆ 20 ರೂಪಾಯಿ ಕೊಟ್ಟಳು. ಈಗ ಇಬ್ಬರದೂ ಸಮ. ಮೊದಲು ಯಾರ ಬಳಿ ಎಷ್ಟಿತ್ತು? ಅಕ್ಕನಿಗೆ ಐದು ಮನೆ, ತಂಗಿಗೆ ಮೂರು ಮನೆ. ಒಟ್ಟು ಎಂಟು, ಸಮ ಆಗಬೇಕಾದರೆ ನಾಲ್ಕು ನಾಲ್ಕು. ಅಕ್ಕ ಕೊಟ್ಟದ್ದು ಒಂದು ಮನೆ, ಅದೇ 20. ಅಕ್ಕನ ಬಳಿ 100, ತಂಗಿಯ ಬಳಿ 60.

ಏಳನೇ ತರಗತಿಯಲ್ಲಿ ಇದೇ ಲೆಕ್ಕ ಕೊಟ್ಟು, ಒಂದು ಮನೆಯೊಳಗೆ ಎಷ್ಟಿದೆ ಅಂತ ಗೊತ್ತಿಲ್ಲ ಅಲ್ವಾ, ಅದಕ್ಕೆ ಎಕ್ಸ್ ಅಂತ ಹೆಸರಿಡೋಣ ಅನ್ನಿ. ಅಕ್ಕನದು ಐದು ಎಕ್ಸ್, ತಂಗಿಯದು ಮೂರು ಎಕ್ಸ್. ಐದು ಎಕ್ಸ್‌ನಲ್ಲಿ 20 ಕಳೆದರೂ ಮೂರು ಎಕ್ಸ್‌ಗೆ 20 ಕೂಡಿದರೂ ಒಂದೇ. ಎರಡು ಎಕ್ಸ್ ಅಂದರೆ 40, ಒಂದು ಎಕ್ಸ್ ಅಂದರೆ 20. ನಾಲ್ಕನೇ ತರಗತಿಯಿಂದ ಪಟ್ಟಿ ಬಿಡಿಸಿಕೊಂಡು ಬಂದ ಮಗುವಿಗೆ ಇಲ್ಲಿ ಹೊಸದು ಅಂದರೆ ಎಕ್ಸ್ ಅನ್ನುವ ಹೆಸರು ಮಾತ್ರ. ಕೆಲವರು ಎಂಟನೇ ತರಗತಿಗೆ ಬಂದರೂ ಅಂಚಿನಲ್ಲಿ ಪುಟ್ಟದಾಗಿ ಪಟ್ಟಿ ಬಿಡಿಸಿಕೊಂಡೇ ಸಮೀಕರಣ ಬರೆಯುತ್ತಾರೆ. ಅವರನ್ನು ತಡೆಯಬೇಡಿ.